ಪಕ್ಕದ ಮನೆಗೆ ಹೋಗಿ ಬಾ

ನಮ್ಮ ಕಡೆ ಯಾರ ಮನೆಯಲ್ಲಾದರೂ ಹೆಣ್ಣುಮಗು ಹುಟ್ಟಿತೆಂದು ಸುದ್ದಿ ಬಂದರೆ ಕೇಳುವ ಮೊದಲ ಪ್ರಶ್ನೆ, "ಬಾಣಂತಿ ಚೆನ್ನಾಗಿದ್ದಾಳಾ?" ಎರಡನೆಯದು, "ಮಗು ಯಾರ ಬಣ್ಣ?" ತೂಕವೆಷ್ಟು, ಹಾಲು ಕುಡಿಯುತ್ತಿದೆಯೇ, ರಾತ್ರಿ ನಿದ್ದೆ ಮಾಡುತ್ತದೆಯೇ ಎಂಬುದೆಲ್ಲ ಅದಾದ ಮೇಲೆ. ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ. ಅಪ್ಪನ ಹಾಗೆ ಕೆಂಪಗಿದೆ, ಗೋಧಿ ಬಣ್ಣ, ಎಣ್ಣೆಗೆಂಪು. ಇವು ಯಾವುದೂ ಅಲ್ಲದಿದ್ದರೆ ದನಿ ತಗ್ಗಿಸಿ, "ಬಣ್ಣ ಸ್ವಲ್ಪ ಕಡಿಮೆ ಕಣ್ರೀ." ಕಪ್ಪೂ ಒಂದು ಬಣ್ಣವೇ ಎಂಬುದು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮ ಪಾಲಿಗೆ ಅದು ಅಳತೆಯಲ್ಲಿ ಕಡಿಮೆ ಬಿದ್ದ ಬಿಳುಪು, ಅಷ್ಟೆ. ಬೆಳಗ್ಗೆ ಎದ್ದು ಕಪ್ಪು ಕಲ್ಲಿನ ದೇವರಿಗೆ ಹಾಲೆರೆದು ಕೈಮುಗಿಯುವವರೂ ನಾವೇ, ಸಂಜೆ ಸೊಸೆ ಹುಡುಕಲು ಹೊರಟಾಗ "ಹುಡುಗಿ ಬೆಳ್ಳಗಿದ್ದಾಳೆ ತಾನೆ?" ಎಂದು ಕೇಳುವವರೂ ನಾವೇ.

ಇದನ್ನು ಬರೆಯುವ ಅಧಿಕಾರ ನನಗೆ ಎಷ್ಟಿದೆಯೋ ಗೊತ್ತಿಲ್ಲ. ಯಾಕೆಂದರೆ ನಾನು ಬೆಳ್ಳಗಿದ್ದವಳು. ಈ ಆಟದಲ್ಲಿ ಏನೂ ಮಾಡದೆಯೇ ಗೆದ್ದವಳು. ಸೋತವಳು ನನ್ನ ಅಕ್ಕ.

ನಾವು ಹುಟ್ಟಿ ಬೆಳೆದದ್ದು ತಿಪಟೂರಿನಲ್ಲಿ. ಕೊಬ್ಬರಿಯ ಊರು. ಅಪ್ಪ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವಳು ಅಪ್ಪನ ಹಾಗೆ ಕಪ್ಪು, ನಾನು ಅಮ್ಮನ ಹಾಗೆ ಬಿಳುಪು. ಮನೆಗೆ ಯಾರೇ ನೆಂಟರು ಬರಲಿ, ಅಜ್ಜಿ ಅಕ್ಕನನ್ನು ಮುಂದೆ ಕೂರಿಸಿಕೊಂಡು, "ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ ನನ್ನ ಮೊಮ್ಮಗಳು" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಅಕ್ಕ ತರಗತಿಗೆ ಮೊದಲು ಬಂದರೆ "ಕಪ್ಪಗಿದ್ದರೂ ಬುದ್ಧಿವಂತೆ." ಹಾಡಿದರೆ "ಕಪ್ಪಗಿದ್ದರೂ ಕೋಗಿಲೆ ಕಂಠ." ಆ 'ಇದ್ದರೂ' ಎಂಬ ಮೂರಕ್ಷರ ಅವಳ ಹೆಸರಿನ ಹಿಂದೆಯೇ ಮನೆಯ ಬೆಕ್ಕಿನ ಹಾಗೆ ಸುತ್ತುತ್ತಿತ್ತು. ನಾನು ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಆದರೂ "ಬೆಳ್ಳಗಿದ್ದರೂ ಪೆದ್ದಿ" ಎಂದು ನನ್ನ ಬಗ್ಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಅದು ಸತ್ಯವಾಗಿರುತ್ತಿತ್ತು.

1973ರ ಬೇಸಗೆಯಲ್ಲಿ ಅಕ್ಕನನ್ನು ನೋಡಲು ಒಂದು ಕಡೆಯವರು ಬರುವವರಿದ್ದರು. ಅವಳಿಗೆ ಇಪ್ಪತ್ತೊಂದು, ನನಗೆ ಹದಿನೆಂಟು. ಹಿಂದಿನ ರಾತ್ರಿ ಅಮ್ಮ ನನ್ನನ್ನು ಕರೆದು, "ನಾಳೆ ಮಧ್ಯಾಹ್ನ ಪಕ್ಕದ ಮನೆಗೆ ಹೋಗಿ ಬಾ. ಅವರು ಹೊರಟ ಮೇಲೆ ಕರೀತೀನಿ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರು ಹೆಣ್ಣುಮಕ್ಕಳಿದ್ದ ಮನೆಗಳಲ್ಲಿ ಆಗ ಇದು ತೀರಾ ಸಾಮಾನ್ಯ. ಹಾಲು ಉಕ್ಕದಂತೆ ತಟ್ಟೆ ಮುಚ್ಚುವ ಹಾಗೆ ಚಿಕ್ಕವಳನ್ನು ಅತ್ತ ಸಾಗಿಸುವುದು.

ಅಕ್ಕ ಅಂದು ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅಮ್ಮನ ಮದುವೆಯದು. ಹಸಿರೆಂದರೆ ಅವಳಿಗೆ ಪ್ರಾಣ. ನಾನು ಪಕ್ಕದ ಮನೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡು ಹಳೆಯ 'ಪ್ರಜಾಮತ' ಓದುತ್ತಿದ್ದೆ. ನಡುವೆ ಇದ್ದದ್ದು ಒಂದೇ ಗೋಡೆ, ಎಲ್ಲ ಕೇಳಿಸುತ್ತಿತ್ತು. ಒಂದು ಹೆಂಗಸಿನ ದನಿ ಅಕ್ಕನನ್ನು ಎದ್ದು ಹೋಗಿ ನೀರು ತರುವಂತೆ ಹೇಳಿತು. ನೀರು ಯಾರಿಗೂ ಬೇಕಿರಲಿಲ್ಲ, ಹುಡುಗಿ ಕುಂಟುತ್ತಾಳೋ ಏನೋ ನೋಡಬೇಕಿತ್ತು. ಜಡೆ ಬಿಚ್ಚಿ ತೋರಿಸು ಎಂದರು, ಚೌರಿ ಇಟ್ಟಿದ್ದಾಳೇನೋ ಎಂಬ ಅನುಮಾನ. ಸೂಜಿಗೆ ದಾರ ಪೋಣಿಸು ಎಂದರು, ಅದು ಕಣ್ಣಿನ ಪರೀಕ್ಷೆ. ಆಮೇಲೆ ಹಾಡು. ಅಕ್ಕ ಒಂದು ದೇವರನಾಮ ಹಾಡಿದಳು. ಅಷ್ಟು ಚೆನ್ನಾಗಿ ಅವಳು ಹಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಹಾಡು ನಿಂತು ತುಂಬ ಹೊತ್ತಾಯಿತು. ಮಾತೂ ಕೇಳಿಸಲಿಲ್ಲ. ಹೊರಟುಹೋಗಿರಬೇಕೆಂದುಕೊಂಡು ನಾನು ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಬಾವಿಯ ಬಳಿ ಹುಡುಗನ ಅತ್ತೆಯೋ ಚಿಕ್ಕಮ್ಮನೋ ಕೈತೊಳೆಯುತ್ತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಯಾರಮ್ಮ?" ಎಂದರು. "ಚಿಕ್ಕ ಮಗಳು" ಎಂದೆ.

ವಾರದೊಳಗೆ ಕಾರ್ಡು ಬಂತು. ಚಿಕ್ಕ ಹುಡುಗಿಯನ್ನು ಕೊಡುವುದಾದರೆ ಮಾತು ಮುಂದುವರಿಸಬಹುದು ಎಂದಿತ್ತು. ಅಪ್ಪ ಅದನ್ನು ಎರಡು ಸಲ ಓದಿ, ಹರಿದು, ಬಚ್ಚಲ ಒಲೆಗೆ ಹಾಕಿದರು. ಆ ರಾತ್ರಿ ಅಕ್ಕ ಎಂದಿನಂತೆ ನನ್ನ ತಲೆ ಬಾಚುತ್ತಾ, "ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಬಾರದಿತ್ತಾ?" ಎಂದಳು. ಅಷ್ಟೇ. ಅದಾದ ಮೇಲೆ ಆ ವಿಷಯ ಅವಳು ಎತ್ತಲಿಲ್ಲ. ಹಸಿರು ಸೀರೆಯನ್ನೂ ಉಡಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕಾರ್ಡು ಬಂದ ದಿನ ನನಗೆ ಅಕ್ಕನಿಗಾಗಿ ದುಃಖವಾಯಿತು, ನಿಜ. ಆದರೆ ಅದೇ ದಿನ ನಾನು ಎರಡು ಸಲ ಕನ್ನಡಿಯ ಮುಂದೆ ಹೋಗಿ ನಿಂತೆ.

ಎರಡು ವರ್ಷದ ಮೇಲೆ ಅಕ್ಕನಿಗೆ ಒಳ್ಳೆಯ ಮನೆಯಲ್ಲೇ ಮದುವೆಯಾಯಿತು. ಭಾವ ಮಾತು ಕಡಿಮೆಯ, ಕೆಲಸ ಹೆಚ್ಚಿನ ಮನುಷ್ಯ. ಅಕ್ಕನಿಗೆ ಮಗಳು ಹುಟ್ಟಿದಾಗ ಊರಿಗೆ ಊರೇ ಕೇಳಿದ ಪ್ರಶ್ನೆ ಯಾವುದೆಂದು ನಿಮಗೆ ಈಗ ಹೇಳಬೇಕಾಗಿಲ್ಲ. ಮಗು ಅಮ್ಮನ ಬಣ್ಣ. ನಾನು ಬಿ.ಎಡ್. ಮುಗಿಸಿ, ಮದುವೆಯಾಗಿ, ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಟೀಚರಾದೆ. ನನಗೂ ಒಬ್ಬಳೇ ಮಗಳು. ಅವಳು ನನ್ನ ಬಣ್ಣ. 1994ರಲ್ಲಿ ಅಕ್ಕನ ಮಗಳು ಬಿ.ಎಸ್ಸಿ. ಓದಲು ನಮ್ಮ ಮನೆಗೆ ಬಂದಳು. ಕಪ್ಪು ಹುಡುಗಿ, ಬೆಳ್ಳನೆಯ ಹುಡುಗಿ, ಒಂದೇ ಕೋಣೆಯಲ್ಲಿ ಎರಡು ಮಂಚ. ತಿಪಟೂರಿನ ನಮ್ಮ ಮನೆಯೇ ಮತ್ತೊಮ್ಮೆ.

ಆ ವರ್ಷವೇ ಮೇ ತಿಂಗಳಲ್ಲಿ ಸುಶ್ಮಿತಾ ಸೇನ್ ವಿಶ್ವಸುಂದರಿಯಾದಳು, ನವೆಂಬರಿನಲ್ಲಿ ಐಶ್ವರ್ಯಾ ರೈ ಜಗತ್ಸುಂದರಿಯಾದಳು. ಐಶ್ವರ್ಯಾ ಮಂಗಳೂರಿನಲ್ಲಿ ಹುಟ್ಟಿದವಳು, ಮನೆಮಾತು ತುಳು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದವರಿದ್ದರು, ನಾನೂ ತಿಂದೆ. ನಮ್ಮ ಹುಡುಗಿ ಗೆದ್ದಳು ಎಂಬ ಖುಷಿಯನ್ನು ಸುಳ್ಳೆಂದು ಹೇಗೆ ಹೇಳಲಿ? ಆದರೆ 1991ರಿಂದೀಚೆಗೆ ನಮ್ಮ ಮಾರುಕಟ್ಟೆಯ ಬಾಗಿಲು ತೆರೆದಿತ್ತು, ಸೋಪು ಶಾಂಪೂ ಲಿಪ್‌ಸ್ಟಿಕ್ಕಿನ ಕಂಪನಿಗಳೆಲ್ಲ ನಮ್ಮ ಬೀದಿಗಳ ಕಡೆ ನೋಡುತ್ತಿದ್ದವು. ಈ ಕಿರೀಟಗಳ ಹಿಂದೆ ಆ ಲೆಕ್ಕವೂ ಇರಬಹುದೇ ಎಂದು ಪತ್ರಿಕೆಗಳಲ್ಲಿ ಚರ್ಚೆ ಶುರುವಾಯಿತು. ಚರ್ಚೆ ಏನೇ ಇರಲಿ, ಎರಡು ವರ್ಷದಲ್ಲಿ ನಮ್ಮ ಬಡಾವಣೆಯಲ್ಲೇ ಎರಡು ಬ್ಯೂಟಿ ಪಾರ್ಲರುಗಳು ತೆರೆದವು. ಹುಬ್ಬು ತಿದ್ದಿಸಿಕೊಂಡು ಬಂದ ಹತ್ತನೆಯ ತರಗತಿಯ ಹುಡುಗಿಯರನ್ನು ನಾನು ಗದರಿಸಿದ್ದುಂಟು. ಒಂದು ದಿನ ಮನೆಯಲ್ಲಿ ಕಸ ಗುಡಿಸುವಾಗ ಅಕ್ಕನ ಮಗಳ ಕೆಮಿಸ್ಟ್ರಿ ರೆಕಾರ್ಡಿನ ಹಿಂದೆ ಒಂದು ಬಿಳುಪು ಮಾಡುವ ಕ್ರೀಮಿನ ಟ್ಯೂಬು ಸಿಕ್ಕಿತು. ತಳದಿಂದ ಅಚ್ಚುಕಟ್ಟಾಗಿ ಸುತ್ತಿ ಸುತ್ತಿ ಕೊನೆಯ ಹನಿಯವರೆಗೆ ಹಿಂಡಿದ ಟ್ಯೂಬು. ನಾನು ಅದನ್ನು ಇದ್ದಲ್ಲೇ ಇಟ್ಟುಬಿಟ್ಟೆ. ಕೇಳುವ ಧೈರ್ಯವಾಗಲಿಲ್ಲ.

1996ರಲ್ಲಿ ಜಗತ್ಸುಂದರಿ ಸ್ಪರ್ಧೆಯೇ ಬೆಂಗಳೂರಿಗೆ ಬಂತು. ನಡೆಸುವವರು ಅಮಿತಾಭ್ ಬಚ್ಚನ್ ಅವರ ಕಂಪನಿ. ಜಾಗ ಚಿನ್ನಸ್ವಾಮಿ ಕ್ರೀಡಾಂಗಣ, ದಿನ ನವೆಂಬರ್ 23, ಶನಿವಾರ. ಮುಖ್ಯಮಂತ್ರಿ ಜೆ.ಎಚ್. ಪಟೇಲರ ಸರ್ಕಾರ ಬೆನ್ನಿಗೆ ನಿಂತಿತು. ವಿರೋಧವೂ ಅಷ್ಟೇ ಜೋರಾಗಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಒಂದು ಕಡೆ, ಮಹಿಳಾ ಸಂಘಟನೆಗಳು ಒಂದು ಕಡೆ, ಭಾರತೀಯ ನಾರಿಯ ಮಾನ ಹೋಯಿತು ಎನ್ನುವವರು ಇನ್ನೊಂದು ಕಡೆ. ಮೈಗೆ ಬೆಂಕಿ ಹಚ್ಚಿಕೊಳ್ಳುತ್ತೇವೆಂಬ ಬೆದರಿಕೆಗಳೂ ಬಂದವು. ಮದುರೈಯಲ್ಲಿ ಒಬ್ಬ ಯುವಕ ನಿಜವಾಗಿಯೂ ಹಾಗೆ ಮಾಡಿಕೊಂಡು ಸತ್ತ. ವಿಷಯ ಹೈಕೋರ್ಟಿನವರೆಗೂ ಹೋಯಿತು. ಗಲಾಟೆ ಹೆಚ್ಚಿದಂತೆ ಈಜುಡುಗೆಯ ಸುತ್ತನ್ನು ದೂರದ ಸೀಷೆಲ್ಸ್ ದ್ವೀಪಕ್ಕೆ ಸಾಗಿಸಿದರು. ಉಳಿದದ್ದು ಬೆಂಗಳೂರಿನಲ್ಲೇ ಎಂದಾಯಿತು.

ನಾವು ನಾಲ್ಕು ಜನ ಟೀಚರುಗಳು ರಜೆ ಹಾಕಿ, ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಒಂದು ಮೆರವಣಿಗೆಗೆ ಹೋದೆವು. ನಾನು ಮೆರವಣಿಗೆಯಲ್ಲಿ ನಡೆದದ್ದು ಅದೇ ಮೊದಲು. ಹಿಂದಿನ ರಾತ್ರಿ ದಪ್ಪ ರಟ್ಟಿನ ಮೇಲೆ 'ಹೆಣ್ಣು ಸರಕಲ್ಲ' ಎಂದು ಬರೆದಿದ್ದೆ. ನನ್ನ ಅಕ್ಷರ ಸೊಟ್ಟ. ಅಕ್ಕನ ಮಗಳು ಅದನ್ನು ನೋಡಿ ನಕ್ಕು, "ಕೊಡಿ ಚಿಕ್ಕಮ್ಮ" ಎಂದು ಕಿತ್ತುಕೊಂಡು, ಸ್ಕೇಲು ಹಿಡಿದು ಗೆರೆ ಎಳೆದು, ಕೆಂಪು ಬಣ್ಣ ತುಂಬಿ ಚೆಂದ ಮಾಡಿಕೊಟ್ಟಳು. ಮೆರವಣಿಗೆಯಲ್ಲಿ ನಮ್ಮ ಪಕ್ಕದ ಒಬ್ಬಾಕೆ ಮಾನದ ಮಾತೆತ್ತಿದಾಗ ನಾನು ವಾದಕ್ಕೆ ಇಳಿದೆ. ಇದು ಬಟ್ಟೆ ಎಷ್ಟು ಉದ್ದ ಎಂಬ ಪ್ರಶ್ನೆಯಲ್ಲಮ್ಮ, ಹೆಣ್ಣನ್ನು ಅಳೆಯಲು ಟೇಪು ಹಿಡಿದು ಕೂತವರು ಯಾರು ಎಂಬ ಪ್ರಶ್ನೆ ಎಂದೆ. ಸುತ್ತಲಿದ್ದವರು ಹೌದೆಂದರು. ರಾತ್ರಿ ರೈಲಿನಲ್ಲಿ ಹಿಂದಿರುಗುವಾಗ ನನಗೆ ನನ್ನ ಮೇಲೆಯೇ ತುಂಬ ಗೌರವ ಬಂದಿತ್ತು. ರಟ್ಟನ್ನು ಜೋಪಾನವಾಗಿ ಮನೆಗೆ ತಂದು ಮಕ್ಕಳ ಮಂಚದ ಕೆಳಗೆ ಸೇರಿಸಿದೆ.

ಶನಿವಾರ ರಾತ್ರಿ ಟಿ.ವಿ. ಹಾಕಕೂಡದೆಂದು ಹೇಳಿದ್ದವಳು ನಾನೇ. ಆಮೇಲೆ ಸಾರಿನ ಪಾತ್ರೆ ಇಳಿಸುವ ನೆಪ, ಒಗೆದ ಬಟ್ಟೆ ಮಡಿಸುವ ನೆಪ, ಮೂರು ಸಲ ನಡುಮನೆಗೆ ಬಂದು ಕೊನೆಗೆ ಅಲ್ಲೇ ಕೂತವಳೂ ನಾನೇ. ಎಂಬತ್ತೆಂಟು ದೇಶಗಳ ಹುಡುಗಿಯರು. ಹೊರಗೆ ಸಾವಿರಾರು ಪೊಲೀಸರು. ಭಾರತದ ರಾಣಿ ಜಯರಾಜ್ ಕೊನೆಯ ಐವರವರೆಗೆ ಬಂದಳು. ಗ್ರೀಸ್ ದೇಶದ ಐರಿನ್ ಸ್ಕ್ಲಿವಾ ಗೆದ್ದಳು. ಅತ್ತು ನಗುತ್ತಿದ್ದ ಆ ಹುಡುಗಿಯನ್ನು ನೋಡಿ ನನ್ನ ಮಗಳು, "ಪಾಪ, ಎಷ್ಟು ಸಣ್ಣವಳು" ಎಂದಳು. ಅಕ್ಕನ ಮಗಳು ಏನೂ ಹೇಳದೆ ಎದ್ದು ಮಲಗಲು ಹೋದಳು. ಮಾರನೆಯ ದಿನ, ಭಾನುವಾರ, ಅವಳನ್ನು ನೋಡಲು ಬೆಂಗಳೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು.

ಅಕ್ಕ ಭಾವ ಶನಿವಾರವೇ ಬಂದಿದ್ದರು. ಬೆಳಗ್ಗೆಯಿಂದ ಮನೆಯ ತುಂಬ ಓಡಾಟ. ಕೇಸರಿಬಾತಿನ ಘಮ, ಬೋಂಡದ ಎಣ್ಣೆಯ ಹೊಗೆ. ಅಕ್ಕನ ಮಗಳು ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತೆಗೆದಳು. ನೋಡಿದರೆ ಅಮ್ಮನ ಅದೇ ಸೀರೆ. ಅಕ್ಕ ಮಡಿಕೆ ಮುರಿಯದೆ ಇಟ್ಟುಕೊಂಡು ಮಗಳಿಗೆ ಕೊಟ್ಟಿದ್ದಳೆಂದು ಕಾಣುತ್ತದೆ. ನನ್ನ ಬಾಯಿಂದ ಬಂದ ಮಾತು ಕೇಳಿ. "ಹಸಿರು ಬೇಡ ಕಣೇ, ಅದರಲ್ಲಿ ಇನ್ನೂ ಕಪ್ಪು ಕಾಣ್ತೀಯ. ನನ್ನ ಮೆರೂನ್ ಸೀರೆ ಉಟ್ಕೋ." ಅವಳು ಹಸಿರು ಸೀರೆಯನ್ನು ಮತ್ತೆ ಮಡಿಸಿದಳು.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಗಂಟೆ ಮೂರಾಗುತ್ತಾ ಬಂತು. ನನ್ನ ಮಗಳು ಆಗಷ್ಟೇ ಸ್ನಾನ ಮಾಡಿ ಕೂದಲು ಹರಡಿಕೊಂಡು ನಡುಮನೆಯಲ್ಲಿ ನಿಂತಿದ್ದಳು. ಹದಿನೈದು ವರ್ಷ, ಬಿಸಿಲು ಬಿದ್ದು ಮುಖ ಹೊಳೆಯುತ್ತಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಲೇ, ನೀನು ಪಕ್ಕದ ಮನೆಗೆ ಹೋಗಿ ಬಾ. ಅವರು ಹೊರಟ ಮೇಲೆ ಕರೀತೀನಿ" ಎಂದೆ.

"ಯಾಕಮ್ಮಾ?" ಎಂದಳು ಅವಳು.

"ಸುಮ್ನೆ ಹೋಗು ಅಂದ್ರೆ ಹೋಗು."

ಅಡುಗೆಮನೆಯಲ್ಲಿ ಜಾಲರಿಯ ಸದ್ದು ನಿಂತಿತು. ಅಕ್ಕ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು, ತಿರುಗಲಿಲ್ಲ. ಆಗ ನನಗೆ ಅರಿವಾಯಿತು, ಇಪ್ಪತ್ತಮೂರು ವರ್ಷದ ಹಿಂದೆ ಅಮ್ಮ ಆಡಿದ ಮಾತನ್ನು ಒಂದಕ್ಷರ ಬಿಡದೆ ನಾನು ಆಡಿದ್ದೆ.

ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಅಕ್ಕನ ಮಗಳು ಬಾಗಿಲಿಗೆ ಬಂದು ನಿಂತಳು. ದನಿ ಏರಿಸಲಿಲ್ಲ. "ಚಿಕ್ಕಮ್ಮ, ಆ ಬೋರ್ಡು ಇನ್ನೂ ಮಂಚದ ಕೆಳಗೇ ಇದೆ. ಅದನ್ನೂ ಅವಳ ಕೈಗೆ ಕೊಟ್ಟು ಕಳಿಸಿ, ಇಲ್ಲೇ ಇದ್ದರೆ ಬಂದವರ ಕಣ್ಣಿಗೆ ಬಿದ್ದೀತು" ಎಂದಳು.

ಶಾಲೆಯಲ್ಲಿ ಮಕ್ಕಳ ಯಾವ ಪ್ರಶ್ನೆಗೂ ಉತ್ತರವಿಲ್ಲದೆ ನಿಂತವಳಲ್ಲ ನಾನು. ಅವತ್ತು ನಿಂತೆ. ಕೊನೆಗೆ ಮಾತಾಡಿದವಳು ಅಕ್ಕ. ಒಲೆಯ ಉರಿ ತಗ್ಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, "ಮಗು ಎಲ್ಲೂ ಹೋಗೋದು ಬೇಡ. ಇಲ್ಲೇ ಇರ್ಲಿ. ನೋಡೋರು ಇಬ್ಬರನ್ನೂ ನೋಡ್ಲಿ" ಎಂದಳು. ನನ್ನ ಮುಖ ನೋಡಲಿಲ್ಲ.

ಅವರು ಬಂದರು. ತಿಂಡಿಯ ತಟ್ಟೆ ತಂದಿಟ್ಟವಳು ನನ್ನ ಮಗಳೇ. ಹುಡುಗನ ಸೋದರಮಾವ ಬೋಂಡ ಮುರಿಯುತ್ತಾ, ರಾತ್ರಿಯ ಸ್ಪರ್ಧೆಯ ಮಾತೆತ್ತಿದರು. "ನಮ್ಮ ಸಂಸ್ಕೃತಿಗೆ ಒಗ್ಗೋದಲ್ಲ ಬಿಡಿ, ಹೆಣ್ಣುಮಕ್ಕಳನ್ನ ಸಾಲಾಗಿ ನಿಲ್ಲಿಸಿ ನೋಡೋದು ಅಂದ್ರೇನು" ಎಂದರು. ಎಲ್ಲರೂ ಹೌದು ಹೌದೆಂದರು. ಆಮೇಲೆ ಅವರೇ, "ಎಲ್ಲಿ, ಹುಡುಗಿಯನ್ನ ಕರೀರಿ, ನೋಡೋಣ" ಎಂದರು. ಮೆರೂನ್ ಸೀರೆಯಲ್ಲಿ ಅಕ್ಕನ ಮಗಳು ಬಂದು ಚಾಪೆಯ ಮೇಲೆ ಕೂತಳು. ಏನೇನು ಅಡುಗೆ ಬರುತ್ತೆ, ಹಾಡು ಬರುತ್ತಾ, ಮುಂದೇನು ಓದಬೇಕೂಂತ ಇದೆ. ಅವಳು ಸಣ್ಣ ದನಿಯಲ್ಲಿ, ಆದರೆ ಎಲ್ಲಕ್ಕೂ ನೇರವಾಗಿ ಉತ್ತರ ಹೇಳಿದಳು. "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಅವರು ಹೊರಟರು.

ಆ ಕಾಗದ ಬರಲಿಲ್ಲ. ಕಾರಣ ಬಣ್ಣವೋ, ಜಾತಕವೋ, ಮತ್ತೊಂದೋ ನಮಗೆ ಗೊತ್ತಾಗಲೇ ಇಲ್ಲ. ಗೊತ್ತಾಗದೇ ಇರುವುದೇ ಈ ಪರೀಕ್ಷೆಯ ರೀತಿ. ಸ್ಟೇಡಿಯಮ್ಮಿನಲ್ಲಿ ಸೋತ ಎಂಬತ್ತೇಳು ಹುಡುಗಿಯರಿಗೆ ತಾವು ಸ್ಪರ್ಧೆಗೆ ಬಂದಿದ್ದೇವೆ ಎಂಬುದಾದರೂ ಗೊತ್ತಿತ್ತು. ಹೆಸರು ಕೊಟ್ಟು ಬಂದಿದ್ದರು. ನಮ್ಮ ನಡುಮನೆಯ ಸ್ಪರ್ಧೆಗೆ ಹೆಸರು ಕೊಡುವವರು ಅಪ್ಪ ಅಮ್ಮ, ತೀರ್ಪು ಕೊಡುವವರು ಬೋಂಡ ತಿಂದು ಹೋದವರು, ಅಲಂಕಾರ ಮಾಡಿ ಮುಂದಕ್ಕೆ ತಳ್ಳುವವರು ನನ್ನಂಥ ಚಿಕ್ಕಮ್ಮಂದಿರು. ಪೊಲೀಸರೂ ಬೇಡ, ಹೈಕೋರ್ಟೂ ಬೇಡ. ಇದರ ಎದುರು ಯಾರೂ ಮೆರವಣಿಗೆ ಮಾಡುವುದಿಲ್ಲ, ಮಾಡಬೇಕಾದವರೆಲ್ಲ ಒಳಗೆ ಕೇಸರಿಬಾತು ಕಲಸುತ್ತಿರುತ್ತಾರೆ.

ಹಾಗೆಂದು ನಾನು ಮೆರವಣಿಗೆಗೆ ಹೋದದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಆ ಸ್ಪರ್ಧೆ ಹುಟ್ಟಿದ್ದೇ 1951ರಲ್ಲಿ, ಲಂಡನ್ನಿನ ಒಂದು ಉತ್ಸವಕ್ಕೆ ಜನ ಸೇರಿಸಲು, ಎರಿಕ್ ಮಾರ್ಲಿ ಎಂಬಾತ ಏರ್ಪಡಿಸಿದ ಬಿಕಿನಿ ಪ್ರದರ್ಶನವಾಗಿ. 1970ರಲ್ಲಿ ಲಂಡನ್ನಿನಲ್ಲೇ ಹೆಣ್ಣುಮಕ್ಕಳು ಸಭಾಂಗಣಕ್ಕೆ ನುಗ್ಗಿ ಹಿಟ್ಟಿನ ಪೊಟ್ಟಣ ಎಸೆದು ಅದನ್ನು ವಿರೋಧಿಸಿದ್ದರು. ಕೊನೆಗೆ 2014ರಲ್ಲಿ ಈಜುಡುಗೆಯ ಸುತ್ತನ್ನು ಕೈಬಿಡುವುದಾಗಿ ನಡೆಸುವವರೇ ಹೇಳಿದರು. ಕೂಗಿದವರ ಗಂಟಲು ಪೂರಾ ವ್ಯರ್ಥವಾಗಲಿಲ್ಲ. ಗೆದ್ದ ಹುಡುಗಿಯರನ್ನು ಹಳಿಯುವುದೂ ನನಗೆ ಸರಿಬರುವುದಿಲ್ಲ. 1966ರಲ್ಲಿ ಈ ಕಿರೀಟ ಗೆದ್ದ ಮೊದಲ ಭಾರತೀಯಳು ರೀಟಾ ಫಾರಿಯಾ, ಮುಂಬಯಿಯ ಮೆಡಿಕಲ್ ವಿದ್ಯಾರ್ಥಿನಿ. ವರ್ಷ ಮುಗಿಯುತ್ತಲೇ ಕಿರೀಟ ಬದಿಗಿಟ್ಟು ಓದು ಮುಂದುವರಿಸಿ ಡಾಕ್ಟರಾದಳು. ಸಿನಿಮಾ, ಜಾಹೀರಾತುಗಳ ಕಡೆ ಹೋಗಲಿಲ್ಲ. ಕಿರೀಟ ಇಟ್ಟುಕೊಂಡವಳು ಅದನ್ನು ತೆಗೆದಿಡಬಹುದು. ಬಣ್ಣ ಕಡಿಮೆ ಎಂದು ಎಂಟನೆಯ ವಯಸ್ಸಿನಲ್ಲೇ ಕೇಳಿಸಿಕೊಂಡ ಹುಡುಗಿ ಅದನ್ನು ಎಲ್ಲಿ ತೆಗೆದಿಡಬೇಕು?

ಅಕ್ಕನ ಮಗಳ ಟ್ಯೂಬಿನ ವಿಷಯ ಕೊನೆಗೂ ನಾನು ಕೇಳಿದೆ, ಆ ಭಾನುವಾರವಾದ ಮೇಲೆ. "ಆರು ವಾರ ಅಂತ ಬರೆದಿತ್ತು ಚಿಕ್ಕಮ್ಮ, ನಾನು ಎರಡು ವರ್ಷ ಹಚ್ಚಿದೆ" ಎಂದು ನಕ್ಕಳು. ವಿಜ್ಞಾನ ಓದುತ್ತಿದ್ದವಳು ಅವಳು. ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯಲ್ಲಿ ಇರುತ್ತವೆ, ಅವು ತಯಾರಿಸುವ ಮೆಲನಿನ್ ಎಷ್ಟು ಎಂಬುದರಲ್ಲಿ ಮಾತ್ರ ವ್ಯತ್ಯಾಸ, ಅದೇ ಮೆಲನಿನ್ ನಮ್ಮಂಥ ಬಿಸಿಲಿನ ನಾಡಿನಲ್ಲಿ ಚರ್ಮವನ್ನು ಕಾಯುತ್ತದೆ ಎಂದು ನನಗೆ ಹೇಳಿಕೊಟ್ಟವಳೂ ಅವಳೇ. ಎಲ್ಲ ಗೊತ್ತಿದ್ದೂ ಹಚ್ಚುತ್ತಿದ್ದಳು. ಗೊತ್ತಿರುವುದಕ್ಕೂ ಕನ್ನಡಿಗೂ ನಡುವೆ ಒಂದು ದೊಡ್ಡ ಹಳ್ಳವಿದೆ.

ನಮ್ಮ ದೇಶದಲ್ಲಿ 1975ರಿಂದ ಮಾರಾಟವಾದ 'ಫೇರ್ ಅಂಡ್ ಲವ್ಲಿ' 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ತೆಗೆದು 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಕ್ರೀಮು ಹಚ್ಚುವ ನಮ್ಮ ತಾಯಂದಿರು, ಹುಡುಗಿಯರು ತಿಳಿದಿರಬೇಕಾದದ್ದು ಬೇರೆ ಇದೆ. ಬೇಗ ಬೆಳ್ಳಗಾಗುತ್ತದೆಂದು ಅಂಗಡಿಯವರು, ಗೆಳತಿಯರು ಕೊಡುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಬಿಸಿಲಿಗೆ ಹೋದರೆ ಉರಿಯುತ್ತದೆ, ಮೊಡವೆ, ಕೂದಲು ಹೆಚ್ಚುತ್ತವೆ. ನಿಲ್ಲಿಸಿದರೆ ಮತ್ತಷ್ಟು ಕೆರಳುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಇನ್ನು ಕೆಲವು ಹೆಸರಿಲ್ಲದ ಕ್ರೀಮುಗಳಲ್ಲಿ ಪಾದರಸವಿರುತ್ತದೆ, ಅದು ಮೂತ್ರಪಿಂಡವನ್ನೇ ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹಾಗಾದವರನ್ನು ವೈದ್ಯರು ಗುರುತಿಸಿದರು. ತಯಾರಿಸಿದವರ ವಿಳಾಸವಿಲ್ಲದ, ಒಳಗೇನಿದೆ ಎಂದು ಬರೆಯದ ಡಬ್ಬಿಯನ್ನು ದಯವಿಟ್ಟು ಮನೆಯೊಳಗೆ ತರಬೇಡಿ.

ಅಕ್ಕನ ಮಗಳು ಪರೀಕ್ಷೆ ಕಟ್ಟಿ ಬ್ಯಾಂಕಿಗೆ ಸೇರಿದಳು. ಕೆಲಸದ ಜಾಗದಲ್ಲಿ ಪರಿಚಯವಾದವನನ್ನು ಮದುವೆಯಾದಳು. ಅವನು ಅವಳನ್ನು ನೋಡಲು ಬರಲಿಲ್ಲ, ದಿನಾ ನೋಡುತ್ತಲೇ ಇದ್ದ. ಆ ಭಾನುವಾರ ಅಷ್ಟು ಧೈರ್ಯವಾಗಿ ನನಗೆ ಉತ್ತರ ಕೊಟ್ಟವಳು ರಾತ್ರಿ ಹೊದಿಕೆಯೊಳಗೆ ತುಂಬ ಹೊತ್ತು ಅತ್ತಳೆಂದು ನನ್ನ ಮಗಳು ಎಷ್ಟೋ ವರ್ಷಗಳ ಮೇಲೆ ಹೇಳಿದಳು. "ನಾನು ಅವಳ ಮಂಚಕ್ಕೇ ಹೋಗಿ ಮಲಗಿದೆ ಅಮ್ಮ. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ" ಎಂದಳು. ಹದಿನೈದರ ಹುಡುಗಿ ಮಾಡಿದ್ದನ್ನು ನಾನು ಹದಿನೆಂಟರಲ್ಲಿ ಮಾಡಲಿಲ್ಲ. ನಾನು ಕನ್ನಡಿಯ ಮುಂದೆ ಹೋಗಿದ್ದೆ.

2025ರ ಮೇ ತಿಂಗಳಲ್ಲಿ ಜಗತ್ಸುಂದರಿ ಸ್ಪರ್ಧೆ ಹೈದರಾಬಾದಿನಲ್ಲಿ ನಡೆಯಿತು, ಥಾಯ್ಲೆಂಡಿನ ಹುಡುಗಿ ಗೆದ್ದಳು. ಆ ದಿನಗಳಲ್ಲೇ ಅಕ್ಕನ ಮಗಳು ಫೋನ್ ಮಾಡಿದಳು. ಅವಳ ಮಗಳಿಗೆ ಈಗ ಹದಿನೆಂಟು. ಮೊಬೈಲಿನಲ್ಲಿ ಎಲ್ಲರಿಗೂ ಹಾಕುವ ತನ್ನ ಫೋಟೋಗಳನ್ನು ಮೊದಲು ಬೆಳ್ಳಗೆ ಮಾಡಿ, ಮೂಗು ಸಣ್ಣ ಮಾಡಿ, ಆಮೇಲೆ ಹಾಕುತ್ತಾಳಂತೆ. ಕೇಳಿದರೆ, "ಎಲ್ಲರೂ ಮಾಡ್ತಾರೆ" ಎನ್ನುತ್ತಾಳಂತೆ. "ಅವಳಿಗೆ ನಾನು ಒಂದು ದಿನವೂ ಬಣ್ಣದ ಮಾತು ಆಡಿಲ್ಲ ಚಿಕ್ಕಮ್ಮ. ಎಲ್ಲಿಂದ ಬಂತು ಇದು?" ಎಂದಳು. ಏನು ಹೇಳಲಿ? ಹಿಂದೆ ತೀರ್ಪುಗಾರರು ವರ್ಷಕ್ಕೊಮ್ಮೆ ಬಂದು ತಿಂಡಿ ತಿಂದು ಹೋಗುತ್ತಿದ್ದರು. ಈಗ ಅವರು ಹುಡುಗಿಯ ಅಂಗೈಯಲ್ಲೇ ಕೂತಿದ್ದಾರೆ, ಇಪ್ಪತ್ತನಾಲ್ಕು ಗಂಟೆ. ನಾನು ಬುದ್ಧಿ ಹೇಳಲು ಹೋಗಲಿಲ್ಲ. "ರಜೆಗೆ ಇಲ್ಲಿಗೆ ಕಳಿಸು. ಇದನ್ನೆಲ್ಲ ಅವಳಿಗೆ ಹೇಳ್ತೀನಿ, ನಾನು ಮಾಡಿದ್ದನ್ನೂ ಸೇರಿಸಿ" ಎಂದೆ. ಬಂದಳು, ಹೇಳಿದೆ. ಬೋರ್ಡಿನ ಮಾತು ಬಂದಾಗ ಬಿದ್ದು ಬಿದ್ದು ನ‌ಕ್ಕಳು. ಕಾರ್ಡಿನ ಮಾತು ಬಂದಾಗ ನಗಲಿಲ್ಲ, ಎದ್ದು ಹೋಗಿ ಅವಳ ಅಜ್ಜಿಗೆ ಫೋನ್ ಮಾಡಿದಳು. ಫೋಟೋಗಳನ್ನು ತಿದ್ದುವುದು ಬಿಟ್ಟಿದ್ದಾಳೆಯೇ ಎಂದು ನಾನು ಕೇಳಿಲ್ಲ.

ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಐವತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದನ್ನು ಹೋದ ಸಲ ಸಿಕ್ಕಿದಾಗ ಕೇಳಿಯೇಬಿಟ್ಟೆ. "ಅವತ್ತು ನಾನು ಬಾವಿಯ ಹತ್ತಿರ ಬಂದದ್ದಕ್ಕೆ ನಿನಗೆ ನನ್ನ ಮೇಲೆ ಸಿಟ್ಟಿತ್ತಾ?"

ಅಕ್ಕ ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೆಳಗಿಟ್ಟಳು. "ನಿನ್ನ ಮೇಲೆ ಯಾಕೆ? ಆ ಮನೆ ತಪ್ಪಿದ್ದು ಒಳ್ಳೇದೇ ಆಯ್ತು. ಕಾರ್ಡು ಬಂತಲ್ಲ, ಅದಕ್ಕೂ ಅಲ್ಲ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನನ್ನ ಬಚ್ಚಿಡಬೇಕು ಅಂತ ಅಮ್ಮನಿಗೆ ಅನ್ನಿಸ್ತಲ್ಲ, ಅದು. ಬಂದವರು ಹೇಳೋದಕ್ಕೆ ಮುಂಚೆ ನಮ್ಮ ಮನೆಯವರೇ ಹೇಳಿಬಿಟ್ಟಿದ್ರು" ಎಂದಳು. ಮತ್ತೆ ಅವರೆಕಾಯಿ ಕೈಗೆ ತೆಗೆದುಕೊಂಡಳು. ನಾನೂ ಒಂದು ಹಿಡಿ ಎತ್ತಿಕೊಂಡೆ.

ಹೋದ ತಿಂಗಳು ನನ್ನ ನಾದಿನಿಯ ಮೊಮ್ಮಗಳಿಗೆ ಹೆರಿಗೆಯಾಯಿತು, ಹೆಣ್ಣುಮಗು. ಫೋನಿನಲ್ಲಿ ಬಾಣಂತಿಯ ಕ್ಷೇಮ ವಿಚಾರಿಸಿದೆ. ಎರಡನೆಯ ಪ್ರಶ್ನೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಎಪ್ಪತ್ತು ವರ್ಷದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ನುಂಗಿಕೊಂಡು, "ಮಗು ಹಾಲು ಚೆನ್ನಾಗಿ ಕುಡಿಯುತ್ತಾ?" ಎಂದೆ.

"ಕುಡಿಯುತ್ತೆ ಅತ್ತಿಗೆ, ಗಡದ್ದಾಗಿ ಕುಡಿಯುತ್ತೆ" ಎಂದಳು ನಾದಿನಿ. ಇನ್ನೊಂದು ಪ್ರಶ್ನೆ ಬರುತ್ತದೆಂದು ಸ್ವಲ್ಪ ಹೊತ್ತು ಕಾದಳು. ನಾನು ಕೇಳಲಿಲ್ಲ.